ಹೊಸ ರೈಲು ಕೇಳುವ ಮೊದಲು ಹಳೇ ಹಳಿಯಲ್ಲಿ ನಿಮಿಷ ಹುಡುಕುವುದು ಹೇಗೆ

ನಾನು ಹನ್ನೊಂದು ವರ್ಷ ಮಂಡ್ಯದಿಂದ ಬೆಂಗಳೂರಿಗೆ ತಿಂಗಳ ಪಾಸ್ ಇಟ್ಟುಕೊಂಡು ಓಡಾಡಿದವನು. ಅಷ್ಟು ವರ್ಷದಲ್ಲಿ ಎಷ್ಟು ಮನವಿಗೆ ಸಹಿ ಹಾಕಿದೆನೋ ಲೆಕ್ಕವಿಲ್ಲ. ಎಲ್ಲದರಲ್ಲೂ ಒಂದೇ ಮಾತು: ಇನ್ನೊಂದು ಗಾಡಿ ಕೊಡಿ, ವೇಗ ಹೆಚ್ಚಿಸಿ. ಉತ್ತರವೂ ಒಂದೇ: ಪರಿಶೀಲಿಸಲಾಗುವುದು. ತಪ್ಪು ಎಲ್ಲಿತ್ತು ಅಂತ ಗೊತ್ತಾಗಲು ತುಂಬಾ ದಿನ ಬೇಕಾಯಿತು. "ವೇಗ ಹೆಚ್ಚಿಸಿ" ಅಂದರೆ ಯಾರ ಮೇಜಿನ ಮೇಲೂ ಕೆಲಸವಾಗಿ ಬೀಳುವುದಿಲ್ಲ. "ಇಂಥ ಸ್ಟೇಷನ್ನಿನ ಲೂಪ್ ಲೈನಿಗೆ ಹೊರಳುವಾಗ ಗಾಡಿ 15 ಕಿ.ಮೀ.ಗೆ ಇಳಿಯುತ್ತದೆ, ಆ ಪಾಯಿಂಟ್ ಬದಲಿಸಿ 30 ಮಾಡಿ" ಅಂದರೆ ಬೀಳುತ್ತದೆ. (ಲೂಪ್ ಲೈನ್ ಅಂದರೆ ಸ್ಟೇಷನ್ನಿನಲ್ಲಿ ಮುಖ್ಯ ಹಳಿಯ ಪಕ್ಕದ ಹಳಿ, ಪಾಯಿಂಟ್ ಅಂದರೆ ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಜೋಡಣೆ.)

ಎರಡು ಊರಿನ ನಡುವೆ ಹಳಿ ಈಗಾಗಲೇ ಇದ್ದು, ಅದರ ಮೇಲೆ ಒಳ್ಳೆಯ ಪ್ಯಾಸೆಂಜರ್ ಸೇವೆ ಬರಬೇಕು ಅಂತ ಆಸೆ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೀವು ಎಂಜಿನಿಯರ್ ಆಗಬೇಕಿಲ್ಲ. ಗಾಡಿ ಎಲ್ಲಿ ನಿಮಿಷ ಕಳೆದುಕೊಳ್ಳುತ್ತಿದೆ ಅಂತ ಹುಡುಕಲು ಕಲಿತರೆ ಸಾಕು. ಉದಾಹರಣೆಗೆ ನನಗೆ ಚೆನ್ನಾಗಿ ಗೊತ್ತಿರುವ ಬೆಂಗಳೂರು–ಮೈಸೂರು ಮಾರ್ಗವನ್ನೇ ಜಾಸ್ತಿ ಬಳಸುತ್ತೇನೆ.

ನೋಟ್‌ಬುಕ್ ಹಿಡಿದು ಹತ್ತಿ

ಮೊದಲ ಕೆಲಸ ಇದು, ಇದನ್ನು ಬಿಟ್ಟು ಮುಂದೆ ಹೋಗಬೇಡಿ. ನಿಮ್ಮ ಮಾರ್ಗದಲ್ಲಿ ಒಂದೇ ಗಾಡಿಯನ್ನು ಕನಿಷ್ಠ ಐದಾರು ಸಲ ಹತ್ತಿ. ಕಿಟಕಿ ಪಕ್ಕ ಕೂತು ಫೋನ್‌ನಲ್ಲಿ ಜಿಪಿಎಸ್ ವೇಗ ತೋರಿಸುವ ಯಾವುದಾದರೂ ಆ್ಯಪ್ ಹಾಕಿಕೊಳ್ಳಿ. ಗಾಡಿ ನಿಂತ ಕೂಡಲೇ ಸಮಯ ಬರೆಯಿರಿ, ಹೊರಟಾಗ ಬರೆಯಿರಿ, ವೇಗ 50ಕ್ಕಿಂತ ಕೆಳಗಿಳಿದ ಕೂಡಲೇ ಬರೆಯಿರಿ. ಜಾಗ ಹೇಗೆ ಗುರುತಿಸುವುದು? ವಿದ್ಯುತ್ ಮಾರ್ಗ ಆಗಿದ್ದರೆ ಸುಲಭ. ಹಳಿ ಪಕ್ಕದ ಪ್ರತಿ ಕಂಬದ ಮೇಲೂ ಮೇಲೆ ಕಿಲೋಮೀಟರ್, ಕೆಳಗೆ ಆ ಕಿಲೋಮೀಟರಿನೊಳಗಿನ ಕಂಬದ ನಂಬರ್ ಇರುತ್ತದೆ. ರೈಲ್ವೆಯವರು ಮಾತಾಡುವುದೂ ಅದೇ ಭಾಷೆಯಲ್ಲಿ. ನೀವು "ಆ ಮಾವಿನ ತೋಪಿನ ಹತ್ತಿರ" ಅಂದರೆ ಯಾರಿಗೂ ತಿಳಿಯುವುದಿಲ್ಲ, ಕಂಬದ ನಂಬರ್ ಹೇಳಿದರೆ ಅಲ್ಲಿ ಹಳಿ ನೋಡಿಕೊಳ್ಳುವ ಕೀಮ್ಯಾನ್ ಕೂಡ ತಕ್ಷಣ ತಲೆ ಆಡಿಸುತ್ತಾನೆ.

ಒಂದು ಎಚ್ಚರಿಕೆ. ಎಲ್ಲವನ್ನೂ ಗಾಡಿಯ ಒಳಗಿಂದ, ಪ್ಲಾಟ್‌ಫಾರಂ ಮೇಲಿಂದಲೇ ನೋಡಿ. ಹಳಿ ಮೇಲೆ ನಡೆದು ಅಳೆಯಲು ಹೋಗಬೇಡಿ. ಪ್ರಾಣಕ್ಕೂ ಅಪಾಯ, 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧವೂ ಹೌದು. ಬಾಗಿಲಲ್ಲಿ ನೇತಾಡುವುದೂ ಬೇಡ.

ಐದಾರು ಸಲ ಯಾಕೆ ಅಂದರೆ, ಒಂದು ದಿನ ನಿಂತದ್ದು ಮತ್ತೊಂದು ದಿನ ನಿಲ್ಲದೇ ಇರಬಹುದು. ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಧಾನವಾದರೆ ಅಲ್ಲಿ ಕಾಯಂ ವೇಗಮಿತಿ ಇದೆ. ಒಂದು ವಾರ ನಿಧಾನವಾಗಿ ಮುಂದಿನ ತಿಂಗಳು ಸರಿಯಾದರೆ ಅದು ರಿಪೇರಿಯ ಕಾಷನ್, ಅಂದರೆ ತಾತ್ಕಾಲಿಕ ವೇಗಮಿತಿ. ಕೆಲವು ದಿನ ಮಾತ್ರ ಸ್ಟೇಷನ್ ಹೊರಗೆ, ನಾವು ಔಟರ್ ಅನ್ನುತ್ತೇವಲ್ಲ ಅಲ್ಲಿ, ನಿಂತರೆ ಮುಂದೆ ಪ್ಲಾಟ್‌ಫಾರಂ ಖಾಲಿ ಇಲ್ಲ ಅಂತ ಅರ್ಥ. ಮೂರಕ್ಕೂ ಔಷಧಿ ಬೇರೆ ಬೇರೆ. ಮೂರನ್ನೂ ಒಂದೇ ಮನವಿಯಲ್ಲಿ "ರೈಲು ನಿಧಾನ" ಅಂತ ತುರುಕಿದರೆ ಯಾವುದಕ್ಕೂ ಔಷಧಿ ಸಿಗುವುದಿಲ್ಲ.

ವೇಳಾಪಟ್ಟಿಯಲ್ಲೇ ಅಡಗಿರುವ ನಿಮಿಷವನ್ನೂ ನೋಡಿ. ಕೊನೆಯ ಸ್ಟೇಷನ್ ಮತ್ತು ಅದರ ಹಿಂದಿನ ಸ್ಟೇಷನ್ ನಡುವೆ ಬರುವಾಗ ಎಷ್ಟು ಹೊತ್ತು ಕೊಟ್ಟಿದ್ದಾರೆ, ಹೋಗುವಾಗ ಎಷ್ಟು ಕೊಟ್ಟಿದ್ದಾರೆ, ಹೋಲಿಸಿ. ಹೋಗುವಾಗ ಹತ್ತು ನಿಮಿಷ, ಬರುವಾಗ ಮೂವತ್ತು ಅಂತಿದ್ದರೆ ಆ ಇಪ್ಪತ್ತು ನಿಮಿಷ ದಾರಿಯಲ್ಲಿ ತಡವಾದದ್ದನ್ನು ಸರಿದೂಗಿಸಲು ಇಟ್ಟ ಗಂಟು. ಅದನ್ನು ಪೂರ್ತಿ ತೆಗೆಯಿರಿ ಅನ್ನಲಾಗದು. ರಿಪೇರಿ ಕೆಲಸಕ್ಕೆ ಅಂತ ಸ್ವಲ್ಪ ಹೆಚ್ಚುವರಿ ಸಮಯ ಬೇಕೇ ಬೇಕು. ಆದರೆ ದಾರಿಯ ಅಡ್ಡಿಗಳು ಕಡಿಮೆಯಾದ ಹಾಗೆ ಆ ಗಂಟೂ ಕರಗಬೇಕು, ಅದನ್ನು ಕೇಳುವ ಹಕ್ಕು ನಮಗಿದೆ.

ಲೆಕ್ಕ: ಮೇಲಿನ ವೇಗಕ್ಕಿಂತ ಕೆಳಗಿನ ವೇಗ ಮುಖ್ಯ

ಇಡೀ ಬರಹದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬೆಂಗಳೂರು–ಮೈಸೂರು ಸುಮಾರು 139 ಕಿ.ಮೀ. ಎಲ್ಲೂ ನಿಲ್ಲದೆ 100ರ ವೇಗದಲ್ಲಿ ಓಡಿದರೆ 83 ನಿಮಿಷ. 110ರಲ್ಲಿ ಓಡಿದರೆ 76 ನಿಮಿಷ. 130ರಲ್ಲಿ 64. ಅಂದರೆ ಇಡೀ ಮಾರ್ಗವನ್ನು 100ರಿಂದ 110ಕ್ಕೆ ಏರಿಸಿದರೆ ಉಳಿಯುವುದು ಏಳೂವರೆ ನಿಮಿಷ, ಅಷ್ಟೇ.

ಈಗ ಇನ್ನೊಂದು ಕಡೆಯಿಂದ ನೋಡಿ. ದಾರಿಯಲ್ಲಿ ಎಲ್ಲೋ ಒಂದು ಕಿಲೋಮೀಟರ್ ಉದ್ದಕ್ಕೆ 30ರ ಮಿತಿ ಇದೆ ಅಂದುಕೊಳ್ಳಿ. 24 ಬೋಗಿಯ ಗಾಡಿ ಅರ್ಧ ಕಿಲೋಮೀಟರಿಗೂ ಜಾಸ್ತಿ ಉದ್ದ ಇರುತ್ತದೆ. ಕೊನೆಯ ಬೋಗಿ ಆ ಜಾಗ ದಾಟುವ ತನಕ ಲೋಕೋ ಪೈಲಟ್ ವೇಗ ಏರಿಸುವ ಹಾಗಿಲ್ಲ. ಹಾಗಾಗಿ ಒಂದು ಕಿಲೋಮೀಟರ್ ಮಿತಿ ನಿಜದಲ್ಲಿ ಒಂದೂವರೆ ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ ಉದ್ದದ ಮಿತಿ. 110ರಲ್ಲಿ 52 ಸೆಕೆಂಡಿಗೆ ಮುಗಿಯಬೇಕಾದ ದೂರಕ್ಕೆ ಮೂರು ನಿಮಿಷಕ್ಕೂ ಜಾಸ್ತಿ ಹಿಡಿಯುತ್ತದೆ. ಅದರ ಮೇಲೆ ಮೊದಲೇ ಬ್ರೇಕ್ ಹಾಕಿ ಇಳಿಸುವುದು, ಆಮೇಲೆ ಮತ್ತೆ ವೇಗಕ್ಕೆ ಬರುವುದು. ಎಲ್ಲ ಸೇರಿ ನಷ್ಟ ಹತ್ತಿರ ಹತ್ತಿರ ಮೂರೂವರೆ, ನಾಲ್ಕು ನಿಮಿಷ. ಇಂಥ ಎರಡು ಜಾಗ ಸರಿ ಮಾಡಿದರೆ ಇಡೀ 139 ಕಿ.ಮೀ. ಮಾರ್ಗವನ್ನು 110ಕ್ಕೆ ಏರಿಸಿದಷ್ಟು ಲಾಭ! ಖರ್ಚಿನಲ್ಲಿ ಎಷ್ಟು ವ್ಯತ್ಯಾಸ ಅಂತ ನೀವೇ ಊಹಿಸಿ. ಎರಡು ಜಾಗದ ಕೆಲಸ ಮತ್ತು ನೂರಾರು ಕಿಲೋಮೀಟರ್ ಕೆಲಸ ಒಂದೇ ಅಲ್ಲವಲ್ಲ.

ಅದಕ್ಕೇ ನಿಮ್ಮ ನೋಟ್‌ಬುಕ್‌ನಿಂದ ಒಂದು ಪಟ್ಟಿ ಮಾಡಿ. ಪ್ರತಿ ನಿಧಾನದ ಜಾಗದ ಎದುರು ಅದು ತಿನ್ನುವ ನಿಮಿಷ ಬರೆಯಿರಿ. ಜಾಸ್ತಿ ತಿನ್ನುವುದು ಮೇಲೆ, ಕಡಿಮೆ ತಿನ್ನುವುದು ಕೆಳಗೆ. ಮುಂದಿನ ಎಲ್ಲ ಮಾತುಕತೆಗೂ ಈ ಒಂದು ಹಾಳೆಯೇ ಆಧಾರ.

ಸ್ಟೇಷನ್ ಯಾರ್ಡ್ ಮತ್ತು ಲೂಪ್ ಲೈನ್

ಪಟ್ಟಿಯಲ್ಲಿ ಮೇಲೆ ಬರುವುದು ಸಾಮಾನ್ಯವಾಗಿ ಸ್ಟೇಷನ್‌ಗಳೇ. ಸಿಂಗಲ್ ಲೈನ್ ಆದರಂತೂ ಹೇಳುವುದೇ ಬೇಡ. ಎದುರಿನ ಗಾಡಿಗೆ ದಾರಿ ಬಿಡಲು ನಿಮ್ಮ ಗಾಡಿ ಲೂಪ್ ಲೈನಿಗೆ ಹೊರಳಬೇಕು, ಅದನ್ನೇ ನಾವು "ಕ್ರಾಸಿಂಗ್‌ಗೆ ಹಾಕಿದ್ದಾರೆ" ಅನ್ನುವುದು. ಹಳೇ ಪಾಯಿಂಟ್‌ಗಳಿದ್ದರೆ ಹೊರಳುವಾಗ ವೇಗ 15. ಸುಮಾರು 700 ಮೀಟರ್ ಲೂಪ್ ತುಂಬಲು ಮೂರು ನಿಮಿಷ, ಹೊರಡುವಾಗ ಪೂರ್ತಿ ಗಾಡಿ ಪಾಯಿಂಟ್ ದಾಟುವ ತನಕ ಮತ್ತೆ ಅಷ್ಟೇ ಹೊತ್ತು. ಪಾಯಿಂಟನ್ನು 1 ಇನ್ 12 ಬಗೆಯ (ಹೊರಳುವ ಓರೆ ಕಡಿಮೆ ಇರುವ) ಒಳ್ಳೆಯದಕ್ಕೆ ಬದಲಿಸಿ 30 ಮಾಡಿದರೆ ಈ ಸಮಯ ಅರ್ಧಕ್ಕೆ ಇಳಿಯುತ್ತದೆ. ಒಂದು ಕ್ರಾಸಿಂಗ್‌ಗೆ ಎರಡು ಮೂರು ನಿಮಿಷ ಉಳಿತಾಯ. ದಾರಿಯಲ್ಲಿ ನಾಲ್ಕು ಕ್ರಾಸಿಂಗ್ ಇದ್ದರೆ ಹತ್ತು ನಿಮಿಷ! ಅದೂ ಎದುರಿನ ಗಾಡಿಗಾಗಿ ಕಾಯುವ ಹೊತ್ತನ್ನು ಬಿಟ್ಟು.

ಇಷ್ಟು ದೊಡ್ಡ ಲಾಭ ಇಷ್ಟು ಸಣ್ಣ ಕೆಲಸದಲ್ಲಿ ಸಿಗುವುದು ಬೇರೆಲ್ಲೂ ಇಲ್ಲ. ಆದರೂ ನಾನು ನೋಡಿದ ಮನವಿಗಳಲ್ಲಿ ಲೂಪ್ ಲೈನ್ ಅನ್ನುವ ಪದವೇ ಇರುತ್ತಿರಲಿಲ್ಲ. ನಮ್ಮದರಲ್ಲೂ ಇರಲಿಲ್ಲ.

ಮುಂದೆ, ಎರಡು ಸ್ಟೇಷನ್ ನಡುವಿನ ದೂರ. ಹಳೇ ಪದ್ಧತಿಯಲ್ಲಿ ಎರಡು ಸ್ಟೇಷನ್ ನಡುವೆ ಒಂದು ಹೊತ್ತಿಗೆ ಒಂದೇ ಗಾಡಿ. ಸ್ಟೇಷನ್‌ಗಳ ನಡುವೆ 12 ಕಿ.ಮೀ. ಇದ್ದರೆ ಮುಂದಿನ ಗಾಡಿ ಅಷ್ಟೂ ದಾಟುವ ತನಕ ಹಿಂದಿನದು ಹೊರಡುವಂತಿಲ್ಲ. ನಡುವೆ ಇನ್ನೊಂದು ಸಿಗ್ನಲ್ ಹಾಕಿ ಆ ದೂರವನ್ನು ಎರಡಾಗಿ ಸೀಳಿದರೆ ಎರಡು ಗಾಡಿ ಹಿಂದೆ ಹಿಂದೆ ಹೋಗಬಹುದು. ಇನ್ನೂ ಮುಂದೆ ಹೋದರೆ ಆಟೋಮ್ಯಾಟಿಕ್ ಸಿಗ್ನಲ್, ಸುಮಾರು ಒಂದೊಂದು ಕಿಲೋಮೀಟರಿಗೆ ಒಂದು. ಊರಿನ ಹತ್ತಿರ, ಲೋಕಲ್ ಗಾಡಿ ಮತ್ತು ಎಕ್ಸ್‌ಪ್ರೆಸ್ ಎರಡೂ ಒತ್ತೊತ್ತಾಗಿ ಬರುವ ಕಡೆ, ಇದನ್ನು ಮೊದಲು ಕೇಳಿ. ಹಳಿ ಅದೇ, ಜಾಗ ಅದೇ, ಗಾಡಿ ಮಾತ್ರ ಜಾಸ್ತಿ ಹಿಡಿಯುತ್ತದೆ.

ಕೊನೆಯ ಸ್ಟೇಷನ್ನನ್ನು ಮರೆಯಬೇಡಿ. ನೂರು ಕಿಲೋಮೀಟರ್ ಹಳಿ ಎಷ್ಟೇ ಚೆನ್ನಾಗಿದ್ದರೂ ಕೊನೆಯಲ್ಲಿ ಪ್ಲಾಟ್‌ಫಾರಂ ಇಲ್ಲದಿದ್ದರೆ ಗಾಡಿ ಔಟರ್‌ನಲ್ಲೇ ನಿಲ್ಲುತ್ತದೆ. ಬೆಂಗಳೂರಿನಲ್ಲಿ 2022ರ ಜೂನ್‌ನಲ್ಲಿ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾದದ್ದು ಈ ಕಾರಣಕ್ಕೇ, ಹಳೇ ಸಿಟಿ ಸ್ಟೇಷನ್ ಮೇಲಿನ ಭಾರ ಇಳಿಸಲು. ಹುಬ್ಬಳ್ಳಿಯ 1507 ಮೀಟರ್ ಪ್ಲಾಟ್‌ಫಾರಂ ಜಗತ್ತಿನಲ್ಲೇ ಉದ್ದವಾದದ್ದು ಅಂತ ಎಲ್ಲರೂ ಹೇಳುತ್ತಾರೆ, ಅದು ಯಾರ್ಡನ್ನೇ ಹೊಸದಾಗಿ ಜೋಡಿಸಿದ ಕೆಲಸದ ಒಂದು ಭಾಗ ಅಂತ ಕಡಿಮೆ ಜನ ಹೇಳುತ್ತಾರೆ. ಅಷ್ಟು ಉದ್ದ ಇದ್ದರೆ ಎರಡು ಗಾಡಿಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಬಹುದು. ನಿಮ್ಮ ಊರಿಗೆ ದಾಖಲೆ ಬೇಡ, ಇನ್ನೊಂದು ಪ್ಲಾಟ್‌ಫಾರಂ ಬೇಕಾಗಿರಬಹುದು. ಅದೂ ಬೇಡ, ಎರಡು ಕಡೆಯಿಂದ ಒಟ್ಟಿಗೆ ಗಾಡಿ ಬರಲು ಬಿಡುವಂಥ ಒಂದು ಪಾಯಿಂಟ್ ಜೋಡಣೆ ಸಾಕಾಗಬಹುದು.

ತಿರುವುಗಳು

ಈ ಮಾರ್ಗ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1882ರಲ್ಲಿ, ಮೈಸೂರು ಮುಟ್ಟಿತು. ಮೀಟರ್‌ಗೇಜ್ ಹಳಿ, ಮಣ್ಣು ಅಗೆದದ್ದು ಗುದ್ದಲಿಯಿಂದ. ದಿಣ್ಣೆ ಬಂದರೆ ಕಡಿಯುವುದಕ್ಕಿಂತ ಸುತ್ತಿ ಹೋಗುವುದೇ ಅಗ್ಗ. ಆಮೇಲೆ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಹಳೇ ಮಾರ್ಗವನ್ನು ಅಗಲ ಮಾಡಿದಾಗೆಲ್ಲ ಹಳೇ ತಿರುವುಗಳೂ ಜೊತೆಗೇ ಬರುತ್ತವೆ. ದೇಶದ ಎಷ್ಟೋ ಮಾರ್ಗಗಳ ಕಥೆ ಇದೇ.

ತಿರುವಿನಲ್ಲಿ ಎಷ್ಟು ವೇಗ ಹೋಗಬಹುದು ಅನ್ನುವುದಕ್ಕೆ ಬ್ರಾಡ್‌ಗೇಜ್‌ನಲ್ಲಿ ಸುಲಭವಾದ ಲೆಕ್ಕವಿದೆ. ತಿರುವಿನಲ್ಲಿ ಹೊರಗಿನ ಕಂಬಿಯನ್ನು ಒಳಗಿನದಕ್ಕಿಂತ ಸ್ವಲ್ಪ ಎತ್ತರ ಇಡುತ್ತಾರೆ, ಅದಕ್ಕೆ ಕ್ಯಾಂಟ್ ಅನ್ನುತ್ತಾರೆ. ಬೇಕಾದಷ್ಟು ಎತ್ತರ ಕೊಡದಿದ್ದರೂ ಸ್ವಲ್ಪ ಮಟ್ಟಿಗೆ ಪರವಾಗಿಲ್ಲ, ಆ ಕೊರತೆಗೆ ಕ್ಯಾಂಟ್ ಡೆಫಿಷಿಯೆನ್ಸಿ ಅಂತ ಹೆಸರು. ಎರಡನ್ನೂ ಮಿಲಿಮೀಟರ್‌ನಲ್ಲಿ ಕೂಡಿಸಿ, ತಿರುವಿನ ತ್ರಿಜ್ಯವನ್ನು ಮೀಟರ್‌ನಲ್ಲಿ ತೆಗೆದುಕೊಂಡು ಗುಣಿಸಿ, ವರ್ಗಮೂಲ ತೆಗೆದು, 0.27ರಿಂದ ಗುಣಿಸಿ. ಬರುವುದು ಗಂಟೆಗೆ ಕಿಲೋಮೀಟರ್. ಕ್ಯಾಂಟ್ 100, ಕೊರತೆ 75 ಅಂತಿಟ್ಟುಕೊಂಡರೆ 875 ಮೀಟರ್ ತ್ರಿಜ್ಯದ ತಿರುವಿನಲ್ಲಿ ಸುಮಾರು 105, 1750 ಮೀಟರ್ ತ್ರಿಜ್ಯದಲ್ಲಿ ಸುಮಾರು 149. ತ್ರಿಜ್ಯ 175 ಮೀಟರ್‌ಗೆ ಇಳಿದರೆ 47.

ಇದರಲ್ಲಿ ಎರಡು ಪಾಠ. ಒಂದು, ಸಾಧಾರಣ ತಿರುವಿನಲ್ಲಿ ಕ್ಯಾಂಟ್ ಸ್ವಲ್ಪ ಹೆಚ್ಚಿಸಿ, ನೇರ ಹಳಿಯಿಂದ ತಿರುವಿಗೆ ಹೊರಳುವ ಭಾಗವನ್ನು ಉದ್ದ ಮಾಡಿದರೆ, ಜಾಗ ಕೊಳ್ಳದೆಯೇ ಹತ್ತು ಹದಿನೈದು ಕಿ.ಮೀ. ವೇಗ ಸಿಗುತ್ತದೆ. ಆದರೆ ಅದೇ ಹಳಿಯಲ್ಲಿ ಗೂಡ್ಸ್ ಗಾಡಿಯೂ ಹೋಗುತ್ತದೆ. ಕ್ಯಾಂಟ್ ಜಾಸ್ತಿಯಾದರೆ ನಿಧಾನ ಹೋಗುವ ಭಾರದ ಗೂಡ್ಸ್ ಒಳಗಿನ ಕಂಬಿಯ ಮೇಲೆ ಕೂತು ಅದನ್ನು ಸವೆಸುತ್ತದೆ. ಅದಕ್ಕೇ ಬೇಕಾಬಿಟ್ಟಿ ಏರಿಸಲು ಒಪ್ಪುವುದಿಲ್ಲ, ಅದು ಸರಿಯೂ ಹೌದು. ಎರಡನೇದು, ನಿಜವಾದ ಬಿಗಿ ತಿರುವಿದ್ದರೆ ಈ ಆಟ ನಡೆಯುವುದಿಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ನೋಡಿ. 55 ಕಿ.ಮೀ., 57 ಸುರಂಗ, 50 ಮೀಟರಿಗೆ ಒಂದು ಮೀಟರ್ ಏರು. ಅಲ್ಲಿ ಗಾಡಿ ತೆವಳುವುದಕ್ಕೆ ಹಳಿಯ ಗುಣಮಟ್ಟ ಕಾರಣವಲ್ಲ, ಬೆಟ್ಟ ಕಾರಣ. ಅಲ್ಲಿ "ವೇಗ ಹೆಚ್ಚಿಸಿ" ಅಂತ ಕೇಳುವುದು ಬಿಟ್ಟು, ನಡುವಿನ ಕ್ರಾಸಿಂಗ್ ಸ್ಟೇಷನ್‌ಗಳ ಬಗ್ಗೆ, ಎಂಜಿನ್ ಶಕ್ತಿಯ ಬಗ್ಗೆ, ಮಳೆಗಾಲದ ಗುಡ್ಡ ಕುಸಿತದ ಕಾವಲಿನ ಬಗ್ಗೆ ಕೇಳಬೇಕು. ಮಂಗಳೂರು ಕಡೆಯವರು ದಯವಿಟ್ಟು ಇದನ್ನು ಗಮನಿಸಿ.

ಗೇಟುಗಳು, ಬೇಲಿ

ವೇಗ ಏರಿಸುವಾಗ ಜನ ಮರೆಯುವ ವಿಷಯ ಹಳಿಯ ಅಕ್ಕಪಕ್ಕ. ದೆಹಲಿ–ಆಗ್ರಾ ನಡುವೆ ಶುರುವಾದ ಗತಿಮಾನ್ ಎಕ್ಸ್‌ಪ್ರೆಸ್ ಇದಕ್ಕೆ ಒಳ್ಳೆಯ ಪಾಠ. ಹೊಸ ಮಾರ್ಗ ಹಾಕಲಿಲ್ಲ, ಇದ್ದ ಹಳಿಯನ್ನೇ 160ಕ್ಕೆ ಸಿದ್ಧಪಡಿಸಿದರು. 2014ರ ಜುಲೈನಲ್ಲೇ ಪ್ರಯೋಗದ ಓಟ ಆಯಿತು. ಎಂಜಿನ್ ಇತ್ತು, ಬೋಗಿ ಇತ್ತು. ಆದರೆ ಜನರನ್ನು ಹೊತ್ತು ಗಾಡಿ ಹೊರಟದ್ದು 2016ರ ಏಪ್ರಿಲ್ 5ಕ್ಕೆ. ನಡುವಿನ ಒಂದೂ ಮುಕ್ಕಾಲು ವರ್ಷದಲ್ಲಿ ಬೇಲಿ, ಸಿಗ್ನಲ್, ತಿರುವು, ಸುರಕ್ಷತೆಯ ಒಪ್ಪಿಗೆ ಇವೆಲ್ಲ ಸಾಲಾಗಿ ಮುಗಿಯಬೇಕಿತ್ತು. ಕೊನೆಗೆ ಸಿಕ್ಕಿದ್ದು 188 ಕಿ.ಮೀ.ಗೆ 100 ನಿಮಿಷ.

ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಪ್ರತಿ ಲೆವೆಲ್ ಕ್ರಾಸಿಂಗ್ ಗೇಟನ್ನೂ ಗುರುತು ಮಾಡಿ. ಗೇಟು ಮುಚ್ಚುವುದು ತಡವಾದರೆ ಸಿಗ್ನಲ್ ಹಸಿರಾಗುವುದಿಲ್ಲ, ಗಾಡಿ ನಿಲ್ಲುತ್ತದೆ. ಬೇಗ ಮುಚ್ಚಿದರೆ ರಸ್ತೆಯವರು ಕಾಯುತ್ತಾರೆ, ಆಂಬುಲೆನ್ಸ್ ಕೂಡ ಕಾಯುತ್ತದೆ. ಮೇಲ್ಸೇತುವೆ ಅಥವಾ ಕೆಳಸೇತುವೆ ಮಾಡಲು ಎಷ್ಟೋ ಕಡೆ ರೈಲ್ವೆ ಅರ್ಧ, ರಾಜ್ಯ ಅರ್ಧ ಹಣ ಹಾಕಬೇಕು. ಇಲ್ಲೇ ಕೆಲಸ ಸಿಕ್ಕಿಕೊಳ್ಳುವುದು. ರೈಲ್ವೆಗೆ ಮಾತ್ರ ಪತ್ರ ಬರೆದರೆ ಸಾಲದು, ಲೋಕೋಪಯೋಗಿ ಇಲಾಖೆಗೆ, ಜಿಲ್ಲಾಧಿಕಾರಿಗೆ, ನಿಮ್ಮ ಶಾಸಕರಿಗೂ ಬರೆಯಬೇಕು. ಕೆಳಸೇತುವೆ ಕೇಳುವಾಗ ನೀರು ಹರಿದು ಹೋಗುವ ದಾರಿಯನ್ನೂ ಸೇರಿಸಿ ಕೇಳಿ. ಮಳೆ ಬಂದರೆ ಕೆರೆಯಾಗುವ ಕೆಳಸೇತುವೆಯಲ್ಲಿ ನಮ್ಮ ಬಂಧುಗಳ ಸ್ಕೂಟರ್ ಕೊಚ್ಚಿ ಹೋದದ್ದನ್ನು ನಾನೇ ನೋಡಿದ್ದೇನೆ, ಅವರು ಬದುಕಿದ್ದೇ ದೊಡ್ಡದು. ಹಳಿ ಸರಿಮಾಡುವ ಕೆಲಸದಲ್ಲಿ ಹಳಿ ಪಕ್ಕದ ಹಳ್ಳಿಯವರ ದಾರಿ ಕಿತ್ತುಕೊಳ್ಳಬಾರದು. ಬೇಲಿ ಹಾಕುವಾಗಲೂ ದನಕರು, ಶಾಲೆ ಮಕ್ಕಳು ಎಲ್ಲಿ ದಾಟುತ್ತಾರೆ ಅಂತ ಮೊದಲು ಊರಿನವರನ್ನೇ ಕೇಳಿ ತಿಳಿದು, ಅಲ್ಲೊಂದು ದಾರಿ ಬಿಡಿಸಿಕೊಳ್ಳಬೇಕು.

130 ದಾಟಿದ ವೇಗಕ್ಕೆ ಹೋಗುವುದಾದರೆ ಗಾಡಿಯೊಳಗೇ ಸಿಗ್ನಲ್ ತೋರಿಸಿ, ಅಗತ್ಯ ಬಿದ್ದರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆಯೂ ಬೇಕು. ನಮ್ಮಲ್ಲಿ ಅದಕ್ಕೆ ಕವಚ್ ಇದೆ. ವೇಗ ಏನೇ ಇರಲಿ, ಅದನ್ನು ಕೇಳಿ.

ಕಂಬಿ, ಸ್ಲೀಪರ್, ಜಲ್ಲಿ

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಇದು ರೈಲ್ವೆಯವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಮೀಟರಿಗೆ 60 ಕೆ.ಜಿ. ತೂಕದ ಕಂಬಿ, ಕಿಲೋಮೀಟರಿಗೆ 1660 ಕಾಂಕ್ರೀಟ್ ಸ್ಲೀಪರ್ (ಕಂಬಿ ಹೊರುವ ಅಡ್ಡ ತುಂಡು), ಅದರ ಕೆಳಗೆ ದಪ್ಪನೆ ಸ್ವಚ್ಛ ಜಲ್ಲಿ, ಬೆಸೆದ ಉದ್ದ ಕಂಬಿ. 130ರ ಮಾರ್ಗಕ್ಕೆ ಹೊಸದಾಗಿ ಹಾಕುವುದು ಸಾಮಾನ್ಯವಾಗಿ ಇದನ್ನೇ. ನೀವು ಕೇಳಬೇಕಾದ್ದು ಒಂದೇ: ನಮ್ಮ ಮಾರ್ಗದಲ್ಲಿ ಇದು ಎಷ್ಟು ಕಿಲೋಮೀಟರ್ ಮುಗಿದಿದೆ, ಎಷ್ಟು ಉಳಿದಿದೆ? ಹೊಸದಾಗಿ ಜಲ್ಲಿ ಶುಚಿ ಮಾಡಿದ ಮೇಲೆ ಕೆಲವು ದಿನ ಅಲ್ಲಿ 20, 45, 75 ಅಂತ ಹಂತ ಹಂತವಾಗಿ ವೇಗ ಏರಿಸುತ್ತಾರೆ. ಆಗ "ಕೆಲಸ ಮಾಡಿದ ಮೇಲೆ ಇನ್ನೂ ನಿಧಾನ ಆಯಿತು" ಅಂತ ಬೈಯಬೇಡಿ. ಜಲ್ಲಿ ಕೂರಲು ಹೊತ್ತು ಬೇಕು.

ಜೋಡಿ ಹಳಿ ಮತ್ತು ವಿದ್ಯುತ್

ನಿಜವಾದ ದೊಡ್ಡ ಬದಲಾವಣೆ ಜೋಡಿ ಹಳಿಯಿಂದಲೇ ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಜೋಡಿ ಹಳಿ ಆಗುವ ಮೊದಲು ನಾವು ಕ್ರಾಸಿಂಗ್‌ಗೆ ಕಾಯುತ್ತಾ ಕೂತ ಸಂಜೆಗಳನ್ನು ನೆನೆದರೆ ಈಗಲೂ ಬೆನ್ನು ನೋಯುತ್ತದೆ. ಆದರೆ ಜೋಡಿ ಹಳಿಯ ಲಾಭ ಪೂರ್ತಿ ಸಿಗುವುದು ಕೊನೆಯ ತುಂಡೂ ಮುಗಿದಾಗ ಮಾತ್ರ. ಶ್ರೀರಂಗಪಟ್ಟಣದಲ್ಲಿ ಆದದ್ದು ಇದೇ. ಬೇರೆಲ್ಲ ಕಡೆ ಎರಡನೇ ಹಳಿ ಬಂದರೂ ಅಲ್ಲಿ ದಾರಿಗೆ ಅಡ್ಡ ಟಿಪ್ಪು ಕಾಲದ ಮದ್ದಿನ ಮನೆ ಇತ್ತು. ಅದು ಸ್ಮಾರಕ, ಒಡೆಯುವಂತಿಲ್ಲ. ವರ್ಷಗಟ್ಟಲೆ ಕೆಲಸ ನಿಂತಿತು. ಕೊನೆಗೆ 2017ರ ಮಾರ್ಚ್‌ನಲ್ಲಿ ಸುಮಾರು 1000 ಟನ್ ತೂಕದ ಆ ಇಟ್ಟಿಗೆ ಕಟ್ಟಡವನ್ನು ಇಡಿಯಾಗಿ ಮೇಲೆತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ನೋಡಲು ಬಂದ ಜನ ಉಸಿರು ಹಿಡಿದು ನಿಂತಿದ್ದರು. ಒಂದು ಇಟ್ಟಿಗೆಯೂ ಕಳಚದೆ ಅದು ಹೊಸ ಜಾಗ ಸೇರಿದ್ದು ನನಗೆ ಈಗಲೂ ಖುಷಿ ಕೊಡುವ ವಿಷಯ. ಹಳಿಯೂ ಬಂತು, ಚರಿತ್ರೆಯೂ ಉಳಿಯಿತು.

ಇದರಿಂದ ಕಲಿಯಬೇಕಾದ್ದು: ನಿಮ್ಮ ಮಾರ್ಗದ ಜೋಡಿ ಹಳಿ ಕೆಲಸ ಶುರುವಾಗುವ ದಿನವೇ ಕಷ್ಟದ ತುಂಡು ಯಾವುದು ಅಂತ ಹುಡುಕಿ. ಸ್ಮಾರಕವೋ, ಕಾಡೋ, ನದಿ ಸೇತುವೆಯೋ, ಕೋರ್ಟಿನಲ್ಲಿರುವ ಜಮೀನೋ. ಸುಲಭದ ಕಡೆ ಕೆಲಸ ತಾನಾಗೇ ನಡೆಯುತ್ತದೆ. ಕಷ್ಟದ ತುಂಡಿನ ಅನುಮತಿಗೆ ಮೊದಲ ದಿನದಿಂದಲೇ ಬೆನ್ನು ಹತ್ತಬೇಕು. ಪೂರ್ತಿ ಜೋಡಿ ಹಳಿಗೆ ಹಣ ಇಲ್ಲ ಅಂದರೆ, ಗಾಡಿಗಳು ಜಾಸ್ತಿ ಕಾಯುವ ಒಂದೆರಡು ತುಂಡು ಮಾತ್ರ ಜೋಡಿ ಮಾಡಿ ಅಂತ ಕೇಳಿ. ನಿಮ್ಮ ನೋಟ್‌ಬುಕ್ ಅದು ಯಾವುದು ಅಂತ ಹೇಳುತ್ತದೆ.

ವಿದ್ಯುತ್ ಎಳೆತದ ಲಾಭ ಎರಡು ಕಡೆ. ದಾರಿ ನಡುವೆ ಎಂಜಿನ್ ಬದಲಿಸುವ ಹೊತ್ತು ಉಳಿಯುತ್ತದೆ. ಮೆಮು ಗಾಡಿ ಓಡಿಸಬಹುದು. ಮೆಮುವಿನಲ್ಲಿ ಮೋಟಾರು ಹಲವು ಬೋಗಿಯಲ್ಲಿ ಹಂಚಿರುವುದರಿಂದ ನಿಂತ ಕಡೆಯಿಂದ ಬೇಗ ವೇಗ ಹಿಡಿಯುತ್ತದೆ, ಕೊನೆಯಲ್ಲಿ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಕಟ್ಟುವ ಕೆಲಸವೂ ಇಲ್ಲ. ಬಂದ ಗಾಡಿ ಹತ್ತು ಹದಿನೈದು ನಿಮಿಷಕ್ಕೆ ವಾಪಸ್ ಹೊರಡಬಹುದು. ಹತ್ತಾರು ಕಡೆ ನಿಲ್ಲುವ ಗಾಡಿಗೆ 130ರ ವೇಗಕ್ಕಿಂತ ಇದೇ ಮುಖ್ಯ. ಬೋಗಿಯ ವಿಷಯವೂ ಅಷ್ಟೇ. ಹಳೇ ಐಸಿಎಫ್ ಮಾದರಿಯ ಬೋಗಿಯ ಗಾಡಿ ಸಾಮಾನ್ಯವಾಗಿ 110 ದಾಟುವುದಿಲ್ಲ. ಹಳಿಯನ್ನು 130ಕ್ಕೆ ಏರಿಸಿ ಗಾಡಿ ಹಳೇದೇ ಬಿಟ್ಟರೆ ಏನು ಬಂತು? ಹೊಸ ಮಾದರಿಯ ಎಲ್‌ಎಚ್‌ಬಿ ಬೋಗಿ ಕೇಳಿ.

ಯಾರನ್ನು, ಏನು, ಹೇಗೆ ಕೇಳುವುದು

ಮೊದಲು ಮಾಹಿತಿ. ಕೇಂದ್ರ ಸರ್ಕಾರದ ಆರ್‌ಟಿಐ ಜಾಲತಾಣದಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. ಉತ್ತರಕ್ಕೆ 30 ದಿನದ ಗಡುವಿದೆ. ಕೇಳಬೇಕಾದ್ದು ನಾಲ್ಕು: ನಿಮ್ಮ ಮಾರ್ಗದ ಗರಿಷ್ಠ ವೇಗ ಎಷ್ಟು, ಕಾಯಂ ವೇಗಮಿತಿಗಳು ಯಾವ ಕಿಲೋಮೀಟರಿನಲ್ಲಿ ಇವೆ ಮತ್ತು ಕಾರಣವೇನು, ಪ್ರತಿ ಸೆಕ್ಷನ್ನಿನ ಲೈನ್ ಕೆಪಾಸಿಟಿ (ಆ ಹಳಿ ದಿನಕ್ಕೆ ಎಷ್ಟು ಗಾಡಿ ಹಿಡಿಯಬಲ್ಲದು ಅನ್ನುವುದು) ಶೇಕಡಾ ಎಷ್ಟು ಬಳಕೆಯಾಗಿದೆ, ಮಂಜೂರಾದ ಕೆಲಸಗಳು ಎಲ್ಲಿಗೆ ಬಂದಿವೆ. ಬಳಕೆ ನೂರರ ಮೇಲಿದ್ದರೆ "ಹೊಸ ಗಾಡಿ ಕೊಡಿ" ಅನ್ನುವ ಮನವಿಗೆ ಜಾಗವೇ ಇಲ್ಲ ಅಂತ ಗೊತ್ತಾಗುತ್ತದೆ. ಆಗ ಸಿಗ್ನಲ್, ಲೂಪ್, ಜೋಡಿ ಹಳಿ ಕೇಳಬೇಕು. ನೂರಕ್ಕಿಂತ ತುಂಬಾ ಕೆಳಗಿದ್ದರೆ ಧೈರ್ಯವಾಗಿ ಗಾಡಿಯನ್ನೇ ಕೇಳಿ. ಪ್ರತಿ ವರ್ಷ ಬಜೆಟ್ ಜೊತೆ ಬರುವ ಪಿಂಕ್ ಬುಕ್‌ನಲ್ಲಿ ನಿಮ್ಮ ವಲಯದ ಕೆಲಸಗಳ ಹೆಸರು, ಆ ವರ್ಷ ಕೊಟ್ಟ ಹಣ ಎರಡೂ ಇರುತ್ತವೆ, ಅದನ್ನೂ ತೆರೆದು ನೋಡಿ. ಮಂಜೂರಾಗಿ ವರ್ಷಗಳಾದರೂ ಹೆಸರಿಗೆ ಒಂದಿಷ್ಟು ಹಣ ಮಾತ್ರ ಬರುತ್ತಿರುವ ಕೆಲಸ ಇದ್ದರೆ, ಹೊಸದನ್ನು ಕೇಳುವ ಮೊದಲು ಅದಕ್ಕೆ ಹಣ ಕೇಳಿ.

ಆಮೇಲೆ ಪತ್ರ. ನೈಋತ್ಯ ರೈಲ್ವೆಯ ಕೇಂದ್ರ ಹುಬ್ಬಳ್ಳಿ, ವಿಭಾಗಗಳು ಹುಬ್ಬಳ್ಳಿ, ಬೆಂಗಳೂರು, ಮೈಸೂರು. ಪಾಯಿಂಟ್, ಕಾಷನ್, ಪ್ಲಾಟ್‌ಫಾರಂ, ವೇಳಾಪಟ್ಟಿಯ ಸಣ್ಣ ಬದಲಾವಣೆಯಂಥ ಕೆಲಸಕ್ಕೆ ವಿಭಾಗದ ಡಿಆರ್‌ಎಂ, ಅಂದರೆ ವಿಭಾಗೀಯ ರೈಲ್ವೆ ಮ್ಯಾನೇಜರ್. ಜೋಡಿ ಹಳಿ, ಹೊಸ ಟರ್ಮಿನಲ್‌ನಂಥದ್ದು ವಲಯದ ಜನರಲ್ ಮ್ಯಾನೇಜರ್ ದಾಟಿ ರೈಲ್ವೆ ಬೋರ್ಡಿಗೆ ಹೋಗುತ್ತದೆ, ಅಲ್ಲಿಗೆ ಸಂಸದರ ದನಿ ಬೇಕು. ವಿಭಾಗಕ್ಕೂ ವಲಯಕ್ಕೂ ಪ್ರಯಾಣಿಕರ ಸಲಹಾ ಸಮಿತಿಗಳಿವೆ. ಅದರ ಸದಸ್ಯರು ಯಾರು ಅಂತ ತಿಳಿದು ನಿಮ್ಮ ಒಂದು ಹಾಳೆಯನ್ನು ಅವರ ಕೈಗೆ ಕೊಡಿ. ಸಭೆಯ ನಡಾವಳಿಯಲ್ಲಿ ಅದು ದಾಖಲಾದರೆ ಉತ್ತರ ಕೊಡಲೇಬೇಕಾಗುತ್ತದೆ.

ಪತ್ರ ಒಂದೇ ಪುಟ ಇರಲಿ. ಮೂರು ಬೇಡಿಕೆ ಸಾಕು, ಮೂವತ್ತು ಬೇಡ. ಪ್ರತಿಯೊಂದಕ್ಕೂ ಜಾಗ, ಈಗಿನ ವೇಗ, ಉಳಿಯುವ ನಿಮಿಷ. ಹೀಗೆ ಬರೆಯಿರಿ: "ಮಾನ್ಯರೇ, ಇಂಥ ಗಾಡಿಯಲ್ಲಿ ಆರು ದಿನ ಅಳೆದಿದ್ದೇವೆ. ಇಂಥ ಕಂಬದಿಂದ ಇಂಥ ಕಂಬದ ತನಕ ಪ್ರತಿ ದಿನ ವೇಗ 30ಕ್ಕೆ ಇಳಿದಿದೆ. ಇದರಿಂದ ಸುಮಾರು ನಾಲ್ಕು ನಿಮಿಷ ನಷ್ಟ. ಈ ಮಿತಿಯ ಕಾರಣವನ್ನೂ ತೆಗೆಯುವ ದಿನಾಂಕವನ್ನೂ ತಿಳಿಸಿ." ಇಂಥ ಪತ್ರಕ್ಕೆ "ಪರಿಶೀಲಿಸಲಾಗುವುದು" ಅಂತ ಉತ್ತರ ಬರೆಯುವುದು ಕಷ್ಟ. ಸ್ಟೇಷನ್ ಮಾಸ್ಟರ್, ಲೋಕೋ ಪೈಲಟ್, ಗ್ಯಾಂಗ್‌ಮನ್‌ಗಳ ಜೊತೆ ಜಗಳಕ್ಕೆ ಹೋಗಬೇಡಿ. ಬಿಸಿಲಲ್ಲಿ ಜಲ್ಲಿ ತುಂಬುವ ಆ ಅಣ್ಣಂದಿರು ನಮ್ಮ ಗಾಡಿಯನ್ನು ಹಳಿ ಮೇಲೆ ಇಟ್ಟಿರುವವರು.

ಕೆಲಸ ಶುರುವಾದಾಗ ಗಾಡಿ ರದ್ದಾಗುತ್ತದೆ, ಯಾರ್ಡ್ ಕೆಲಸ ಇದ್ದರೆ ಕೆಲವೊಮ್ಮೆ ದಿನಗಟ್ಟಲೆ. ಅದನ್ನು ಸಹಿಸಬೇಕು. ಆದರೆ ಎರಡು ವಿಷಯ ಮೊದಲೇ ಕೇಳಿ ಪಡೆಯಿರಿ: ದಸರಾ, ಪರೀಕ್ಷೆ, ಹಬ್ಬದ ದಿನ ಬಿಟ್ಟು ಮಾಡಿ, ಎರಡು ವಾರ ಮೊದಲೇ ತಿಳಿಸಿ. ಪಾಸ್‌ನವರು ಬದಲಿ ಬಸ್ಸಿಗೆ ದಾರಿ ಮಾಡಿಕೊಳ್ಳಬೇಕು, ಅಲ್ವಾ?

ಕೆಲಸ ಮುಗಿದ ಮೇಲೆ ರೈಲ್ವೆ ಸುರಕ್ಷತಾ ಆಯುಕ್ತರು ಬಂದು ನೋಡುತ್ತಾರೆ. ಅವರು ರೈಲ್ವೆ ಸಚಿವಾಲಯದ ಕೆಳಗಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗಿದ್ದಾರೆ, ರೈಲ್ವೆಯ ಒತ್ತಡ ಅವರ ಮೇಲೆ ಬೀಳಬಾರದು ಅಂತ. ಅವರು ಒಪ್ಪಿದ ವೇಗವೇ ವೇಗ. ಅವರನ್ನು ಅವಸರಪಡಿಸುವ ಮನವಿ ಎಂದಿಗೂ ಬರೆಯಬೇಡಿ.

ಒಪ್ಪಿಗೆ ಸಿಕ್ಕ ಮೇಲೂ ನಿಮ್ಮ ಕೆಲಸ ಮುಗಿದಿಲ್ಲ. ಹಳಿಯ ವೇಗ ಏರಿದರೂ ವೇಳಾಪಟ್ಟಿ ಹಳೇದೇ ಉಳಿಯಬಹುದು. ಆಗ ಗಾಡಿ ಬೇಗ ಬಂದು ಔಟರ್‌ನಲ್ಲಿ ಸುಮ್ನೆ ನಿಲ್ಲುತ್ತದೆ. ಈ ಸ್ಥಿತಿ ನೋಡಿದರೆ ಕೂಡಲೇ ವೇಳಾಪಟ್ಟಿ ಬದಲಾವಣೆಗೆ ಬರೆಯಿರಿ. ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರುವಂಥ ಜೋಡಿ ಗಾಡಿ ಇದೆಯಾ, ಕೊನೆಯ ಗಾಡಿ ಇಳಿದವರಿಗೆ ಊರೊಳಗೆ ಹೋಗಲು ಸಿಟಿ ಬಸ್ ಸಿಗುತ್ತದಾ, ಇದನ್ನೂ ಅದೇ ಪತ್ರದಲ್ಲಿ ಸೇರಿಸಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ 75 ನಿಮಿಷದ ಮಾತಾಡುತ್ತದೆ. ಅದರ ಪಕ್ಕದಲ್ಲಿ ರೈಲು ಗೆಲ್ಲಬೇಕಾದರೆ ಗಂಟೆಗೊಂದು ಗಾಡಿ, ಹೇಳಿದ ಹೊತ್ತಿಗೆ ಬರುವ ಗಾಡಿ ಬೇಕು. ಹಾಗಾಗಿ ಕೆಲಸ ಮುಗಿದ ಮೊದಲ ವಾರವೇ ಅದೇ ಗಾಡಿ ಮತ್ತೆ ಹತ್ತಿ, ಅದೇ ಕಂಬಗಳನ್ನು ಎಣಿಸಿ, ಹಳೇ ಹಾಳೆಯ ಪಕ್ಕದ ಹಾಳೆಯಲ್ಲಿ ಹೊಸ ನಿಮಿಷ ಬರೆದುಕೊಂಡು ಬನ್ನಿ.